ನಿಮ್ಮ ಕಥೆಯ ಅಪ್ಪ ಹಿಡಿಯಬೇಕಾದದ್ದು ಯಾರನ್ನು?

ಪ್ರಶ್ನೆ: ನಾನು ಹಾಸನದಲ್ಲಿ ಬ್ಯಾಂಕ್ ಉದ್ಯೋಗಿ. ಬಿಡುವಿನಲ್ಲಿ ಬರೆಯುತ್ತೇನೆ, ಈಗ ಒಂದು ಥ್ರಿಲ್ಲರ್ ಕಾದಂಬರಿ ಕೈಗೆತ್ತಿಕೊಂಡಿದ್ದೇನೆ, ಹಸ್ತಪ್ರತಿಯನ್ನು ಇದರ ಜೊತೆಗಿಟ್ಟಿದ್ದೇನೆ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗನೊಬ್ಬನ ಮಗಳು ಶಾಲೆಯಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಸಾಯುತ್ತಾಳೆ. ಕೊಂದ ಹುಡುಗ ತಾನೂ ಗುಂಡು ಹಾರಿಸಿಕೊಂಡು ಸತ್ತಿರುತ್ತಾನೆ, ಹಾಗಾಗಿ ಸೇಡು ತೀರಿಸಿಕೊಳ್ಳೋಣವೆಂದರೆ ಎದುರಿಗೆ ಯಾರೂ ಇಲ್ಲ. ಆಗ ಅಪ್ಪ ಆ ಬಂದೂಕು ತಯಾರಿಸಿದ ಕಂಪನಿಯ ಮುಖ್ಯಸ್ಥನನ್ನು ಅವನ ಆಫೀಸಿನಲ್ಲೇ ಒತ್ತೆ ಇಟ್ಟುಕೊಂಡು ಕ್ಯಾಮೆರಾ ಮುಂದೆ ತಪ್ಪೊಪ್ಪಿಸುತ್ತಾನೆ. ಗೆಳೆಯರೊಬ್ಬರು ಓದಿ, 'ಕೋರ್ಟಿಗೆ ಹೋಗೋದು ಬಿಟ್ಟು ಇದೇನು?' ಎಂದರು. ಅಲ್ಲಿ ಬಂದೂಕು ಕಂಪನಿಗಳ ಮೇಲೆ ಕೇಸೇ ಹಾಕುವಂತಿಲ್ಲವಂತೆ, ನಿಜವೇ? ಹೀಗೆ ಪಡೆದ ತಪ್ಪೊಪ್ಪಿಗೆಗೆ ಬೆಲೆಯುಂಟೇ? ಪೊಲೀಸರು ಹೊರಗೆ ನಿಂತು ಏನು ಮಾಡುತ್ತಾರೆ? ಕಥೆಯನ್ನು ಬೆಂಗಳೂರಿಗೇ ತಂದುಬಿಟ್ಟರೆ ಹೇಗೆ?

ಉತ್ತರ: ನಿಮ್ಮ ಗೆಳೆಯರ ಆಕ್ಷೇಪಣೆಯಲ್ಲಿ ಹುರುಳಿದೆ. ನೀವು ಕೇಳಿದ ಸುದ್ದಿಯೂ ಮುಕ್ಕಾಲು ಪಾಲು ನಿಜ. ಕೇಸು ಹಾಕಬಹುದು, ಆದರೆ ಹಾಕಿದ ಕೇಸುಗಳಲ್ಲಿ ಹೆಚ್ಚಿನವು ಸಾಕ್ಷಿ ವಿಚಾರಣೆಯ ಮುಖವನ್ನೂ ಕಾಣದೆ ವಜಾ ಆಗುತ್ತವೆ. ಕಾರಣ 2005ರ ಒಂದು ಕಾಯ್ದೆ. ಹೆಸರು ಉದ್ದ, ವಕೀಲರ ಬಾಯಲ್ಲಿ ಪಿಎಲ್‌ಸಿಎಎ. ಆ ವರ್ಷದ ಅಕ್ಟೋಬರ್ 26ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅದಕ್ಕೆ ಸಹಿ ಹಾಕಿದರು. ಕಂಪನಿ ಕಾನೂನಿನ ಪ್ರಕಾರ ತಯಾರಿಸಿ, ಅಂಗಡಿಯವನು ಕಾನೂನಿನ ಪ್ರಕಾರ ಮಾರಿದ ಬಂದೂಕಿನಿಂದ ಇನ್ಯಾರೋ ಅಪರಾಧ ಮಾಡಿದರೆ ಆ ಹೊಣೆಯನ್ನು ಕಂಪನಿಯ ಅಥವಾ ಅಂಗಡಿಯವನ ತಲೆಗೆ ಕಟ್ಟುವಂತಿಲ್ಲ ಎನ್ನುವುದು ಅದರ ಸಾರ. ಆರು ವಿನಾಯಿತಿಗಳಿವೆ. ನಿಮಗೆ ಬೇಕಾದದ್ದು ಅದರಲ್ಲಿ ಒಂದೇ: ಬಂದೂಕಿನ ಮಾರಾಟ ಅಥವಾ ಪ್ರಚಾರಕ್ಕೆ ಅನ್ವಯಿಸುವ ಕಾನೂನನ್ನು ಕಂಪನಿ ಗೊತ್ತಿದ್ದೂ ಮುರಿದಿದ್ದರೆ ದಾವೆ ನಡೆಯುತ್ತದೆ. ಇದು ಸೂಜಿಯ ಕಣ್ಣಿನಷ್ಟು ದಾರಿ. ಅದರಲ್ಲಿ ಒಂಟೆ ನುಗ್ಗಿಸಿದವರ ಕಥೆಗೆ ಆಮೇಲೆ ಬರುತ್ತೇನೆ.

ಕಾಯ್ದೆ ಹುಟ್ಟಿದ ಬಗೆಯೇ ಒಂದು ಅಧ್ಯಾಯಕ್ಕಾಗುವಷ್ಟಿದೆ. 1998ರಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು 46 ರಾಜ್ಯಗಳ ಜೊತೆ 200 ಬಿಲಿಯನ್ ಡಾಲರಿಗೂ ಮೀರಿದ ರಾಜಿ ಮಾಡಿಕೊಂಡವು. ಅದೇ ವರ್ಷ ನ್ಯೂ ಆರ್ಲಿಯನ್ಸ್ ಮತ್ತು ಶಿಕಾಗೊ ನಗರಗಳು ಬಂದೂಕು ಕಂಪನಿಗಳ ಮೇಲೆ ದಾವೆ ಹೂಡಿದವು, ಹಿಂದೆಯೇ ಇನ್ನಷ್ಟು ನಗರಗಳು, ಕೌಂಟಿಗಳು ಸಾಲುಗಟ್ಟಿದವು. ಮೊದಲು ಮೆತ್ತಗಾದದ್ದು ಸ್ಮಿತ್ ಅಂಡ್ ವೆಸ್ಸನ್. 2000ದ ಮಾರ್ಚಿನಲ್ಲಿ ಅದು ಕ್ಲಿಂಟನ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಪಿಸ್ತೂಲಿಗೆ ಬೀಗ ಕೊಡುತ್ತೇವೆ, ಡೀಲರುಗಳ ಮೇಲೆ ಕಣ್ಣಿಡುತ್ತೇವೆ ಎಂದಿತು. ಬಂದೂಕುಪ್ರಿಯರು ಇದನ್ನು ಮನೆಮುರುಕತನವೆಂದು ಬಗೆದರು. ಬಹಿಷ್ಕಾರ ಎಷ್ಟು ಬಿಗಿಯಾಯಿತೆಂದರೆ, 1987ರಲ್ಲಿ ಸುಮಾರು 112 ಮಿಲಿಯನ್ ಡಾಲರಿಗೆ ಕಂಪನಿ ಕೊಂಡಿದ್ದ ಬ್ರಿಟಿಷ್ ಮಾಲೀಕರು 2001ರಲ್ಲಿ 15 ಮಿಲಿಯನ್ ನಗದು ಪಡೆದು, ಸಾಲವನ್ನೂ ಕೊಂಡವರ ತಲೆಗೆ ದಾಟಿಸಿ ಹೊರನಡೆದರು. ಉಳಿದ ಕಂಪನಿಗಳಿಗೆ ಅಷ್ಟು ಸಾಕಾಯಿತು. ಕೋರ್ಟಿನಲ್ಲಿ ರಾಜಿಯಾಗುವುದಕ್ಕಿಂತ ವಾಷಿಂಗ್ಟನ್ನಿನಲ್ಲಿ ಕಾಯ್ದೆ ಮಾಡಿಸಿಕೊಳ್ಳುವುದೇ ಲೇಸು ಎಂದು ತೀರ್ಮಾನಿಸಿದವು, ಐದು ವರ್ಷದೊಳಗೆ ಮಾಡಿಸಿಯೂಕೊಂಡವು.

ನಿಮ್ಮ ಕಥಾನಾಯಕ ನೇರ ಕಂಪನಿಯ ಯಜಮಾನನ ಕುತ್ತಿಗೆಗೆ ಕೈ ಹಾಕುತ್ತಾನಲ್ಲ, ನನ್ನ ಮೊದಲ ತಕರಾರು ಅಲ್ಲೇ. ಗುಂಡು ಹಾರಿಸಿದ ಬೆರಳಿಗೂ ಕಾರ್ಖಾನೆಗೂ ನಡುವೆ ಡಿಸ್ಟ್ರಿಬ್ಯೂಟರ್, ಅಂಗಡಿಯವನು, ಕೊಂಡವನು, ಕೆಲವೊಮ್ಮೆ ಕೊಂಡವನ ಮನೆಯವರು ನಿಂತಿರುತ್ತಾರೆ. ಪ್ರತಿಯೊಬ್ಬನೂ 'ನಾನು ಕಾನೂನು ಪ್ರಕಾರವೇ ಮುಂದಕ್ಕೆ ಕೊಟ್ಟೆ' ಎನ್ನುತ್ತಾನೆ. 2002ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಸುತ್ತಮುತ್ತ ಇಬ್ಬರು ಕಾರಿನ ಡಿಕ್ಕಿಯಲ್ಲಿ ಅಡಗಿ ಹತ್ತು ಜನರನ್ನು ಕೊಂದರು. ಅವರ ರೈಫಲ್ ಬಂದದ್ದು ಟಕೋಮಾ ನಗರದ ಒಂದು ಅಂಗಡಿಯಿಂದ. ತಪಾಸಣೆ ಮಾಡಿದರೆ ಆ ಅಂಗಡಿಯಲ್ಲಿ 200ಕ್ಕೂ ಹೆಚ್ಚು ಬಂದೂಕುಗಳಿಗೆ ಲೆಕ್ಕವೇ ಇರಲಿಲ್ಲ. 2004ರಲ್ಲಿ ಅಂಗಡಿಯೂ ತಯಾರಕರಾದ ಬುಷ್‌ಮಾಸ್ಟರ್ ಕಂಪನಿಯೂ ಸೇರಿ ಸಂತ್ರಸ್ತರಿಗೆ ಸುಮಾರು 2.5 ಮಿಲಿಯನ್ ಡಾಲರ್ ಕೊಟ್ಟವು. ದೊಡ್ಡ ಪಾಲು ಕೊಟ್ಟದ್ದು ಅಂಗಡಿ. ಮಾರನೆಯ ವರ್ಷವೇ ಕಾಯ್ದೆ ಬಂತು.

ಈ ಕೈಬದಲಾವಣೆಯ ಜಾಡು ಹಿಡಿಯುವ ಜಾಗವೊಂದಿದೆ. ಪಶ್ಚಿಮ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಆ ಕೇಂದ್ರವನ್ನು ನೀವು ಕಾದಂಬರಿಯಲ್ಲಿ ಬಳಸದಿದ್ದರೆ ನಷ್ಟ ನಿಮ್ಮದೇ. ಎಲ್ಲೋ ಗುಂಡಿನ ದಾಳಿಯಾದರೆ ಪೊಲೀಸರು ಸೀರಿಯಲ್ ನಂಬರು ಹಿಡಿದು ಕೇಳುವುದು ಇಲ್ಲಿಗೆ. ಕಂಪ್ಯೂಟರಿಗೆ ನಂಬರು ಒತ್ತಿದರೆ ಮಾಲೀಕನ ಫೋಟೊ ಬರುವ ದೃಶ್ಯ ಬರೆದಿದ್ದರೆ ಹೊಡೆದುಹಾಕಿ. ಬಂದೂಕು ಮಾಲೀಕರ ಅಂಥ ರಾಷ್ಟ್ರೀಯ ಪಟ್ಟಿ ಇಡುವುದನ್ನು 1986ರ ಕಾಯ್ದೆಯೇ ನಿಷೇಧಿಸಿದೆ. ಸಿಬ್ಬಂದಿ ಮೊದಲು ತಯಾರಕರಿಗೆ ಫೋನು ಮಾಡುತ್ತಾರೆ. ಅವರು ಡಿಸ್ಟ್ರಿಬ್ಯೂಟರ್ ಹೆಸರು ಹೇಳುತ್ತಾರೆ, ಅವನು ಅಂಗಡಿಯ ಹೆಸರು ಹೇಳುತ್ತಾನೆ. ಅಂಗಡಿಯವನು ಫೈಲು ಕೆದಕಿ, ಗಿರಾಕಿ ಕೈಯಾರೆ ತುಂಬಿದ 4473 ನಂಬರಿನ ಫಾರಂ ಹುಡುಕಿ ತೆಗೆಯಬೇಕು. ಅಂಗಡಿ ಮುಚ್ಚಿಹೋಗಿದ್ದರೆ ಅದರ ಹಳೇ ಕಾಗದಗಳೆಲ್ಲ ರಟ್ಟಿನ ಡಬ್ಬಗಳಲ್ಲಿ ಮಾರ್ಟಿನ್ಸ್‌ಬರ್ಗ್‌ಗೇ ಬಂದು ಬಿದ್ದಿರುತ್ತವೆ. ಡಬ್ಬಗಳು ಕಾರಿಡಾರುಗಳನ್ನು ತುಂಬಿ, ಹೊರಗೆ ನಿಲ್ಲಿಸಿದ ಶಿಪ್ಪಿಂಗ್ ಕಂಟೈನರುಗಳನ್ನೂ ತುಂಬಿದವು. ಸ್ಕ್ಯಾನ್ ಮಾಡಿದ ಮೇಲೂ ಹೆಸರು ಹಾಕಿ ಹುಡುಕುವಂತಿಲ್ಲ, ಬರಿಯ ಚಿತ್ರಗಳಾಗಿ ಒಂದೊಂದೇ ಪುಟ ಸರಿಸಿ ನೋಡಬೇಕು. ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಪಹಣಿಗಾಗಿ ಧೂಳು ಕುಡಿದವರಿಗೆ ಇದು ಹೊಸದೇನಲ್ಲ. ಆದರೆ ನಮ್ಮಲ್ಲಿ ಅದು ಸೋಮಾರಿತನದಿಂದ ಬಂದದ್ದು, ಅಲ್ಲಿ ಶಾಸನ ಮಾಡಿ ಇಟ್ಟುಕೊಂಡದ್ದು.

ಇನ್ನು ನೇರ ನಿಮ್ಮ ಪ್ರಶ್ನೆಗೆ. ಕೋರ್ಟಿಗೆ ಹೋದ ಅಪ್ಪಅಮ್ಮಂದಿರಿಗೆ ಏನಾಯಿತು?

ಎರಡು ಕೇಸು ಹೇಳುತ್ತೇನೆ, ಎರಡೂ 2012ರ ಘಟನೆಗಳಿಂದ ಹುಟ್ಟಿದವು. ಆ ವರ್ಷದ ಜುಲೈ 20ರಂದು ಕೊಲರಾಡೊ ರಾಜ್ಯದ ಅರೋರಾದಲ್ಲಿ ಮಧ್ಯರಾತ್ರಿಯ ಸಿನಿಮಾ ನೋಡುತ್ತಿದ್ದ 12 ಜನ ಗುಂಡಿಗೆ ಬಲಿಯಾದರು. ಸತ್ತ ಒಬ್ಬ ಯುವತಿಯ ತಂದೆತಾಯಿ, ಕೊಲೆಗಾರನಿಗೆ ಆನ್‌ಲೈನಿನಲ್ಲಿ 4,000ಕ್ಕೂ ಹೆಚ್ಚು ತೋಟಾ ಮಾರಿದ ವ್ಯಾಪಾರಿಯ ಮೇಲೆ ದಾವೆ ಹೂಡಿದರು. ಅವರು ದುಡ್ಡು ಕೇಳಿರಲಿಲ್ಲ, ಮಾರುವ ಪದ್ಧತಿ ಬದಲಾಯಿಸಿ ಎಂದಷ್ಟೇ ಕೇಳಿದ್ದರು. 2015ರಲ್ಲಿ ದಾವೆ ವಜಾ ಆಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ದಾವೆ ಸೋತವರು ಎದುರು ಪಕ್ಷದ ವಕೀಲರ ಫೀಸು ಭರಿಸಬೇಕೆಂದು ಕೊಲರಾಡೊದಲ್ಲೇ ಒಂದು ಕಾನೂನಿತ್ತು. ಮಗಳನ್ನು ಕಳೆದುಕೊಂಡವರು ತೋಟಾ ಮಾರಿದವನ ಕಡೆಗೆ ಎರಡು ಲಕ್ಷ ಡಾಲರಿಗೂ ಮಿಕ್ಕಿ ಕೊಡಬೇಕೆಂದು ಆದೇಶವಾಯಿತು. ದಂಪತಿ ದಿವಾಳಿ ಅರ್ಜಿ ಹಾಕಿಕೊಂಡರು. ಆ ರಾಜ್ಯ ಕಾನೂನು ರದ್ದಾದದ್ದು 2023ರಲ್ಲಿ. ನಿಮ್ಮ ನಾಯಕ ಕೋರ್ಟು ಬಿಟ್ಟು ಪಿಸ್ತೂಲು ಹಿಡಿಯಲು ಕಾರಣ ಬೇಕಿದ್ದರೆ ಇದಕ್ಕಿಂತ ಗಟ್ಟಿ ಕಾರಣ ನೀವು ಕಲ್ಪಿಸಿಕೊಂಡರೂ ಸಿಗಲಾರದು. ಆದೇಶದ ಪ್ರತಿ ಅವನ ಕೈಗೆ ಬರುವ ದಿನ ಅವನ ಹೆಂಡತಿ ಮನೆ ಮಾರುವ ಮಾತೆತ್ತಿದರೆ ಸಾಕು, ಓದುಗನೇ ಅವನಿಗೆ ಪಿಸ್ತೂಲು ತಂದುಕೊಡುತ್ತಾನೆ.

ಎರಡನೆಯದು ಡಿಸೆಂಬರ್ 14ರದು. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಊರಿನ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಂದನೇ ತರಗತಿಯ 20 ಮಕ್ಕಳು, 6 ಮಂದಿ ಸಿಬ್ಬಂದಿ ಸತ್ತರು. ಐದು ನಿಮಿಷವೂ ಆಗಿರಲಿಲ್ಲ, 154 ಗುಂಡು ಹಾರಿದ್ದವು. ಬುಷ್‌ಮಾಸ್ಟರ್ ರೈಫಲನ್ನು ಕೊಲೆಗಾರನ ತಾಯಿ ಕಾನೂನು ಪ್ರಕಾರವೇ ಕೊಂಡಿದ್ದಳು. ಅವನು ಮೊದಲು ಕೊಂದದ್ದು ಅವಳನ್ನೇ, ಕೊನೆಗೆ ತನ್ನನ್ನು. ನಿಮ್ಮ ಕಥೆಯ ಹಾಗೇ ಇಲ್ಲೂ ಎದುರಿಗೆ ಯಾರೂ ಉಳಿಯಲಿಲ್ಲ.

2014ರಲ್ಲಿ ಕೆಲವು ಕುಟುಂಬಗಳು ದಾವೆ ಹೂಡಿದವು. ಇಂಥ ಬಂದೂಕನ್ನು ಸಾರ್ವಜನಿಕರಿಗೆ ಮಾರಿದ್ದೇ ತಪ್ಪು ಎಂಬ ಮುಖ್ಯ ವಾದ ಬಿದ್ದುಹೋಯಿತು. ಉಳಿದದ್ದು ಜಾಹೀರಾತು. ರೈಫಲಿನ ಚಿತ್ರದ ಕೆಳಗೆ, 'ನಿನ್ನ ಗಂಡಸುತನದ ಕಾರ್ಡು ಮರಳಿ ಬಂತೆಂದುಕೋ' ಎಂಬರ್ಥದ ಒಕ್ಕಣೆ. ಯುದ್ಧಕ್ಕೆ ಮಾಡಿದ ವಸ್ತುವನ್ನು ಹದಿಹರೆಯದ ಹುಡುಗರ ಅಭದ್ರತೆಗೆ ಗಾಳ ಹಾಕಿ ಮಾರಿದ್ದು ರಾಜ್ಯದ ಅನುಚಿತ ವ್ಯಾಪಾರ ಪದ್ಧತಿ ಕಾನೂನಿನ ಉಲ್ಲಂಘನೆ ಎಂದು ವಕೀಲರು ವಾದಿಸಿದರು. ಸೂಜಿಯ ಕಣ್ಣು ಎಂದೆನಲ್ಲ, ಅದು ಇದೇ. 2019ರ ಮಾರ್ಚ್ 14ರಂದು ಕನೆಕ್ಟಿಕಟ್ ಸುಪ್ರೀಂ ಕೋರ್ಟು ನಾಲ್ಕು–ಮೂರರ ಬಹುಮತದಿಂದ, ಈ ಒಂದು ವಾದದ ಮೇಲೆ ವಿಚಾರಣೆ ನಡೆಯಲಿ ಎಂದಿತು. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಮೆರಿಕದ ಸುಪ್ರೀಂ ಕೋರ್ಟು ಮಧ್ಯೆ ಬರಲಿಲ್ಲ.

ವಿಚಾರಣೆಗೆ ದಾರಿಯಾಯಿತು ಎಂದರೆ ಕಂಪನಿ ತನ್ನ ಕಡತ ಕೊಡಬೇಕು ಎಂದರ್ಥ. ನಾನು ಇಷ್ಟು ವರ್ಷ ದಾವೆ ನಡೆಸಿ ಕಂಡುಕೊಂಡದ್ದು, ದೊಡ್ಡ ಕಂಪನಿಗಳು ತೀರ್ಪಿಗಿಂತ ಹೆಚ್ಚು ಹೆದರುವುದು ಇದಕ್ಕೇ. ಬುಷ್‌ಮಾಸ್ಟರ್ ಅನ್ನು ತನ್ನೊಳಗೆ ಇಟ್ಟುಕೊಂಡಿದ್ದ ರೆಮಿಂಗ್ಟನ್ ಕಂಪನಿ ದಾಖಲೆ ಎಂದು ಕೊಟ್ಟ ರಾಶಿಯಲ್ಲಿ 18,000ಕ್ಕೂ ಹೆಚ್ಚು ಕಾರ್ಟೂನು ಚಿತ್ರಗಳಿದ್ದವು, ಇನ್ನೂ ಸಾವಿರಾರು ಸಂಬಂಧವಿಲ್ಲದ ಫೋಟೊಗಳಿದ್ದವು ಎಂದು ಕುಟುಂಬಗಳ ವಕೀಲರು ನ್ಯಾಯಾಲಯಕ್ಕೆ ದೂರಿತ್ತರು. ಹುಲ್ಲಿನ ಬಣವೆಯನ್ನೇ ತಂದು ಸುರಿದು ಸೂಜಿ ಹುಡುಕಿಕೊಳ್ಳಿ ಎನ್ನುವ ಹಳೇ ವರಸೆ. 2021ರಲ್ಲಿ ಅದೇ ಕಂಪನಿಯ ಕಡೆಯವರು ಸತ್ತ ಮಕ್ಕಳಲ್ಲಿ ಐವರ ಶಾಲಾ ದಾಖಲೆ ಕೇಳಿ ಸಮನ್ಸು ಹೊರಡಿಸಿದರು. ಹಾಜರಿ, ಅಂಕಪಟ್ಟಿ, ಎಲ್ಲ. ಆರು ವರ್ಷದ ಮಗುವಿನ ಅಂಕಪಟ್ಟಿಯಿಂದ ರೈಫಲಿನ ಜಾಹೀರಾತಿನ ಬಗ್ಗೆ ಏನು ತಿಳಿಯುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪರಿಹಾರದ ಲೆಕ್ಕಕ್ಕೆ ಎನ್ನಬಹುದು. ಆ ಸಮನ್ಸಿನ ಪ್ರತಿ ಮನೆಯ ಊಟದ ಮೇಜಿನ ಮೇಲೆ ಬಿದ್ದಿರುವ ಬೆಳಗನ್ನು ಬರೆಯಿರಿ. ನಿಮ್ಮ ಹಸ್ತಪ್ರತಿಯ ಮೂರು ಗುಂಡಿನ ಕಾಳಗಗಳಿಗಿಂತ ಅದು ಹೆಚ್ಚು ನಾಟುತ್ತದೆ.

2022ರ ಫೆಬ್ರುವರಿ 15ರಂದು ರಾಜಿಯಾಯಿತು. ಒಂಬತ್ತು ಕುಟುಂಬಗಳಿಗೆ 73 ಮಿಲಿಯನ್ ಡಾಲರ್. ಕೊಟ್ಟದ್ದು ರೆಮಿಂಗ್ಟನ್ ಅಲ್ಲ, ಅದು ಅಷ್ಟರಲ್ಲಿ ಎರಡು ಸಲ ದಿವಾಳಿಯಾಗಿ ಹರಿದು ಹಂಚಿಹೋಗಿತ್ತು. ಕೊಟ್ಟದ್ದು ನಾಲ್ಕು ವಿಮಾ ಕಂಪನಿಗಳು. ಹಣದ ಜೊತೆಗೆ ಕುಟುಂಬಗಳು ಇನ್ನೊಂದು ಷರತ್ತು ಹಿಡಿದು ಕೂತಿದ್ದವು: ಕಂಪನಿಯ ಒಳಗಿನ ಕಾಗದಪತ್ರಗಳನ್ನು ಜನರ ಮುಂದಿಡುವ ಹಕ್ಕು ನಮಗಿರಬೇಕು.

ಈ ಷರತ್ತನ್ನು ಓದಿದಾಗ ನನಗೆ ನೆನಪಾದದ್ದು ತುಮಕೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ನಾನಾಗ ಜೂನಿಯರ್. ಶಿರಾ ಕಡೆಯ ರೈತರೊಬ್ಬರು, ಲಾರಿಯಡಿ ಸಿಕ್ಕಿ ಸತ್ತ ಮಗನ ಕೇಸು. ವಿಮಾ ಕಂಪನಿ ಒಳ್ಳೆಯ ಮೊತ್ತಕ್ಕೇ ಬಂದಿತ್ತು. ಲೋಕ ಅದಾಲತ್ತಿನಲ್ಲಿ ಸಹಿ ಹಾಕಿಸಲು ಕೂರಿಸಿದರೆ ಅವರು ಪೆನ್ನು ಮುಟ್ಟಲಿಲ್ಲ. 'ದುಡ್ಡು ಆಮ್ಯಾಕೆ ಸ್ವಾಮಿ. ಆ ಲಾರಿ ಬ್ರೇಕು ಹಿಡಿಯಲ್ಲ ಅಂತ ಓನರಿಗೆ ಮೊದಲೇ ಗೊತ್ತಿತ್ತಾ? ಅದೊಂದು ಕೇಳಿ ಹೇಳಿ' ಎಂದರು. ನಮ್ಮ ಹಿರಿಯ ವಕೀಲರು, ಅದೆಲ್ಲ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ ಎಂದು ಗದರಿದರು. ನಾನು ಮಾತ್ರ ಗ್ಯಾರೇಜ್ ಹುಡುಕಿಕೊಂಡು ಹೋದೆ. ಎಣ್ಣೆ ಮೆತ್ತಿದ ಬಿಲ್ ಬುಕ್ಕಿನಲ್ಲಿ, ಅಪಘಾತಕ್ಕೆ ಹನ್ನೊಂದು ದಿನ ಮುಂಚಿನ ತಾರೀಖು, ಬ್ರೇಕ್ ಲೈನರ್ ಎಂದು ಬರೆದು ಮುಂದೆ 'ಆಮೇಲೆ' ಎಂದಿತ್ತು. ಅದರ ಜೆರಾಕ್ಸ್ ತಂದುಕೊಟ್ಟೆ. ಅವರು ಬಹಳ ಹೊತ್ತು ಅದನ್ನೇ ನೋಡಿ, ಮಡಿಚಿ ಜೇಬಿಗಿಟ್ಟು ಸಹಿ ಹಾಕಿದರು.

ಹಾಗಾಗಿ ನಿಮ್ಮ ನಾಯಕನ ಬಗ್ಗೆ ನನ್ನ ಸಲಹೆ: ಅವನಿಗೆ ಬೇಕಾದದ್ದು ಯಜಮಾನನ ಬಾಯಲ್ಲಿಲ್ಲ, ಫೈಲಿನಲ್ಲಿದೆ. ಯಜಮಾನ ಎನ್ನುವವನಾದರೂ ಯಾರು? ಸ್ಯಾಂಡಿ ಹುಕ್ ನಡೆದಾಗ ರೆಮಿಂಗ್ಟನ್, ಬುಷ್‌ಮಾಸ್ಟರ್ ಎರಡೂ ಸರ್ಬರಸ್ ಎಂಬ ಹೂಡಿಕೆ ಸಂಸ್ಥೆಯ ಕೈಯಲ್ಲಿದ್ದವು. ಆ ಸಂಸ್ಥೆಗೆ ಹಣ ಕೊಟ್ಟವರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಶಿಕ್ಷಕರ ಪಿಂಚಣಿ ನಿಧಿಯೂ ಒಂದು. ಮೇಷ್ಟ್ರುಗಳ ನಿವೃತ್ತಿಯ ಹಣ ಆ ರೈಫಲಿನ ಕಾರ್ಖಾನೆಯಲ್ಲಿತ್ತು! ವಿಷಯ ಹೊರಬಿದ್ದು ನಿಧಿಯವರು ಹೂಡಿಕೆ ಮರುಪರಿಶೀಲಿಸುತ್ತೇವೆ ಎಂದದ್ದೇ, ದಾಳಿಯಾದ ನಾಲ್ಕನೇ ದಿನ ಸರ್ಬರಸ್ ಬಂದೂಕು ಕಂಪನಿಯನ್ನು ಮಾರುತ್ತೇವೆ ಎಂದು ಘೋಷಿಸಿತು. ನಿಮ್ಮ ಒತ್ತೆಯಾಳು ಸ್ವಲ್ಪ ಬುದ್ಧಿವಂತನಾಗಿದ್ದರೆ ಹಣೆಗೆ ನಳಿಗೆ ಮುಟ್ಟಿರುವಾಗಲೂ ಇದನ್ನೇ ಕೇಳುತ್ತಾನೆ: 'ನಾನು ಸಂಬಳದವನು. ನಿನ್ನ ಪಿಂಚಣಿ ಖಾತೆಯ ಹಣ ಎಲ್ಲೆಲ್ಲಿದೆ ಅಂತ ನೋಡಿದ್ದೀಯಾ?' ನಾಯಕನ ಕೈ ಅಲ್ಲಿ ನಡುಗಬೇಕು.

ಮೆಕ್ಸಿಕೊ ದೇಶದ ಕೇಸನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಯಾರಾದರೂ ಬಲ್ಲವರು ನಿಮ್ಮನ್ನು ಹಿಡಿಯುತ್ತಾರೆ. 2021ರಲ್ಲಿ ಆ ಸರ್ಕಾರವೇ ಅಮೆರಿಕದ ಬಂದೂಕು ಕಂಪನಿಗಳ ಮೇಲೆ ಬಾಸ್ಟನ್ನಿನಲ್ಲಿ ದಾವೆ ಹಾಕಿತ್ತು. ಗಡಿ ದಾಟಿ ಮಾದಕದ್ರವ್ಯದ ಗುಂಪುಗಳಿಗೆ ಹೋಗುತ್ತವೆಂದು ಗೊತ್ತಿದ್ದೂ ಮಾರುತ್ತಾರೆ, 'ಸೂಪರ್ ಎಲ್ ಹೆಫೆ' ಎಂದು, ಅಂದರೆ 'ದೊಡ್ಡ ಬಾಸ್' ಅನ್ನುವ ಹಾಗೆ, ಪಿಸ್ತೂಲಿಗೆ ಹೆಸರಿಟ್ಟು ಮಾರುತ್ತಾರೆ ಎನ್ನುವುದು ದೂರು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ, ಈ ದೂರು ಕಾಯ್ದೆಯ ವಿನಾಯಿತಿಯೊಳಗೆ ಬರುವುದಿಲ್ಲ ಎಂದಿತು. ತೀರ್ಪು ಬರೆದವರು ಉದಾರವಾದಿಗಳ ಸಾಲಿನ ನ್ಯಾಯಮೂರ್ತಿ ಎಲೆನಾ ಕೇಗನ್. ಬಾಗಿಲು ಎಷ್ಟು ಕಿರಿದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತಪ್ಪೊಪ್ಪಿಗೆಯ ಪ್ರಶ್ನೆಗೆ ಉದ್ದ ಉತ್ತರ ಬೇಕಿಲ್ಲ. ನಳಿಗೆ ಮುಂದಿಟ್ಟು ಹೇಳಿಸಿದ ಮಾತಿಗೆ ಅಲ್ಲೂ ಬೆಲೆಯಿಲ್ಲ, ಇಲ್ಲೂ ಇಲ್ಲ. ಪೊಲೀಸರು ಕೊಟ್ಟ ಭರವಸೆಗೂ ಅಷ್ಟೇ. 1977ರ ಫೆಬ್ರುವರಿಯಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಟೋನಿ ಕಿರಿಟ್ಸಿಸ್ ಎಂಬಾತ, ತನ್ನ ಜಮೀನಿನ ಸಾಲದಲ್ಲಿ ಮೋಸ ಮಾಡಿದರೆಂದು ಅಡಮಾನ ಕಂಪನಿಯವನೊಬ್ಬನ ಕುತ್ತಿಗೆಗೆ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಗಿಡ್ಡ ನಳಿಗೆಯ ಬಂದೂಕಿನ ಕುದುರೆಗೆ ಕಟ್ಟಿದ. ಪೊಲೀಸರು ತನ್ನನ್ನು ಹೊಡೆದು ಉರುಳಿಸಿದರೂ ಗುಂಡು ಹಾರಬೇಕು, ಹಾಗೆ. ಹೆಪ್ಪುಗಟ್ಟುವ ಚಳಿಯಲ್ಲಿ ಅವನನ್ನು ಬೀದಿಯಲ್ಲಿ ನಡೆಸಿಕೊಂಡು ಹೋದ. 63 ಗಂಟೆ. ಕ್ಷಮಾಪಣೆ ಬೇಕು, ಹಣ ಬೇಕು, ಕೇಸು ಹಾಕುವುದಿಲ್ಲ ಎಂಬ ಮಾತು ಬೇಕು ಎಂದ. ಟಿವಿ ಕ್ಯಾಮೆರಾಗಳ ಎದುರು ಕೂಗಾಡಿ, ಅತ್ತು, ಒತ್ತೆಯಾಳನ್ನು ಬಿಟ್ಟ. ಬಿಟ್ಟ ಮೇಲೆ ಬಂಧನವಾಯಿತು, ಕೇಸೂ ಬಿತ್ತು. ಕೊನೆಗೆ ಜ್ಯೂರಿ ಅವನನ್ನು ಮತಿಭ್ರಮಣೆಯ ಕಾರಣಕ್ಕೆ ನಿರ್ದೋಷಿ ಎಂದಿತು, ಆದರೆ ಮನೆಗೆ ಕಳಿಸಲಿಲ್ಲ, ವರ್ಷಗಟ್ಟಲೆ ಆಸ್ಪತ್ರೆಯ ಬಂಧನದಲ್ಲಿ ಇಟ್ಟರು.

ಹೊರಗೆ ನಿಂತ ಪೊಲೀಸರ ವಿಷಯ. ನೀವು ಬರೆದ ಸಂಧಾನಕಾರ ವಿಪರೀತ ಮಾತಾಡುತ್ತಾನೆ. ಅಸಲಿ ಸಂಧಾನಕಾರನ ಕೆಲಸ ಕೇಳಿಸಿಕೊಳ್ಳುವುದು, ಹೊತ್ತು ಕಳೆಯುವುದು. ಈ ವಿದ್ಯೆಗೆ ರೂಪ ಕೊಟ್ಟದ್ದು ನ್ಯೂಯಾರ್ಕ್ ಪೊಲೀಸರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಒತ್ತೆಯಾಳಾಗಿದ್ದ ಇಸ್ರೇಲಿ ಕ್ರೀಡಾಪಟುಗಳು ಸತ್ತ ದುರಂತ ನೋಡಿ ಎಚ್ಚೆತ್ತ ಅವರು, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಹಾರ್ವೆ ಶ್ಲಾಸ್‌ಬರ್ಗ್ ಎಂಬ ಪತ್ತೇದಾರನನ್ನು ಕೂರಿಸಿ ಪಾಠ ಬರೆಸಿದರು. ಫ್ರ್ಯಾಂಕ್ ಬೋಲ್ಜ್ ಎಂಬ ಅಧಿಕಾರಿ ತಂಡ ಕಟ್ಟಿದ. ಅವರಿಗೆ ಬಂದ ಮೊದಲ ದೊಡ್ಡ ಪರೀಕ್ಷೆ ಎಲ್ಲಿ ಗೊತ್ತೇ? ಒಂದು ಬಂದೂಕಿನಂಗಡಿಯಲ್ಲಿ. 1973ರ ಜನವರಿಯಲ್ಲಿ ಬ್ರೂಕ್ಲಿನ್‌ನ ಕ್ರೀಡಾಸಾಮಗ್ರಿ ಅಂಗಡಿಗೆ ಬಂದೂಕು ದೋಚಲು ನುಗ್ಗಿದವರು ಸಿಕ್ಕಿಬಿದ್ದು, ಒಳಗಿದ್ದವರನ್ನು ಒತ್ತೆ ಹಿಡಿದರು. ಅವರ ಬೆನ್ನಿಗೆ ಅಂಗಡಿ ತುಂಬ ಬಂದೂಕು, ಮದ್ದುಗುಂಡು. ಶುರುವಿನಲ್ಲೇ ಒಬ್ಬ ಪೊಲೀಸ್ ಸತ್ತ. ಆದರೂ ಪೊಲೀಸರು ನುಗ್ಗಲಿಲ್ಲ, 47 ಗಂಟೆ ಕಾದರು. ಒತ್ತೆಯಾಳುಗಳು ಮುಚ್ಚಿಹೋಗಿದ್ದ ಮೆಟ್ಟಿಲ ದಾರಿಯನ್ನು ಒಡೆದುಕೊಂಡು ಮಾಳಿಗೆಗೆ ಹತ್ತಿ ಪಾರಾದರು, ಹಿಡಿದವರು ಶರಣಾದರು.

ಅಲ್ಲಿಂದ ಬಂದ ಕೆಲವು ರೂಢಿಗಳು ನಿಮ್ಮ ದೃಶ್ಯಕ್ಕೆ ಬೇಕಾಗುತ್ತವೆ. ಮಾತಾಡುವವನ ಕೈಯಲ್ಲಿ ಅಧಿಕಾರವಿರುವುದಿಲ್ಲ, ಅಧಿಕಾರವಿರುವವನು ಫೋನು ಮುಟ್ಟುವುದಿಲ್ಲ. 'ಮೇಲಿನವರನ್ನು ಕೇಳಿ ಹೇಳುತ್ತೇನೆ' ಎನ್ನಲು ಅದೇ ಅನುಕೂಲ. ಮಾತಾಡುವವನ ಪಕ್ಕದಲ್ಲಿ ಇನ್ನೊಬ್ಬ ಕೂತು ಚೀಟಿ ಬರೆದು ಸರಿಸುತ್ತಿರುತ್ತಾನೆ. ನಾಯಕ 'ಐದು ಗಂಟೆಯೊಳಗೆ' ಎಂದು ಗಡುವು ಕೊಟ್ಟರೆ, ಐದಕ್ಕೆ ಹತ್ತು ನಿಮಿಷವಿರುವಾಗ ಮಗಳ ಬಗ್ಗೆ ಏನನ್ನೋ ಕೇಳಿ ಮಾತಿಗೆ ಎಳೆದು, ಐದೂಕಾಲಾದದ್ದು ಅವನಿಗೆ ಗೊತ್ತೇ ಆಗದ ಹಾಗೆ ನೋಡಿಕೊಳ್ಳುತ್ತಾರೆ. ಮತ್ತೆ ನಿಮ್ಮ ಇಪ್ಪತ್ತೆರಡನೇ ಅಧ್ಯಾಯದಲ್ಲಿ ಹೆಂಡತಿಯನ್ನು ಕರೆಸಿ ಮೈಕು ಕೊಡುತ್ತಾರಲ್ಲ, ಅದು ನಮ್ಮ ಸಿನಿಮಾದ ಚಟ. ನುರಿತ ತಂಡ ಮನೆಯವರನ್ನು ಸುಲಭಕ್ಕೆ ಫೋನಿಗೆ ಬಿಡುವುದಿಲ್ಲ. ಇಂಥವನು ಕೊನೆಯ ಮಾತು ಹೇಳಿ ಸಾಯಲೆಂದೇ ಹೆಂಡತಿಯ ದನಿಗಾಗಿ ಕಾದಿರಬಹುದು ಎನ್ನುವ ಭಯ ಅವರದು.

ಆದರೆ ಕಾಯುವ ವಿದ್ಯೆ ಎಲ್ಲ ಕಡೆಗೂ ಸಲ್ಲದು. 1999ರ ಕೊಲಂಬೈನ್ ಶಾಲೆಯ ದಾಳಿಯ ಮೇಲೆ ನಿಯಮ ಬದಲಾಯಿತು: ಗುಂಡು ಹಾರಿಸುತ್ತಿರುವವನಿದ್ದರೆ ಕಾಯಬಾರದು, ಮೊದಲು ಬಂದವನೇ ನುಗ್ಗಬೇಕು. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ ಇದನ್ನು ಮರೆತರು. ಬಾಗಿಲಾಚೆ ಗಾಯಗೊಂಡ ಮಕ್ಕಳು ಫೋನು ಮಾಡಿ ಸಹಾಯ ಕೇಳುತ್ತಿದ್ದರೂ, ಒಳಗಿರುವುದು ಅಡಗಿ ಕೂತವನು ಎಂದು ಬಗೆದು 77 ನಿಮಿಷ ಕಾರಿಡಾರಿನಲ್ಲಿ ನಿಂತರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ನಿಮ್ಮ ನಾಯಕನ ಮಗಳು ಸತ್ತದ್ದು ಇಂಥದ್ದೇ ಕಾಯುವಿಕೆಯಲ್ಲಿ ಎಂದಿಟ್ಟುಕೊಳ್ಳಿ. ಈಗ ಅದೇ ಪೊಲೀಸರು ಅವನಿಗಾಗಿ, ಅವನ ಒತ್ತೆಯಾಳಿಗಾಗಿ ಗಂಟೆಗಟ್ಟಲೆ ತಾಳ್ಮೆಯಿಂದ ಕಾಯುತ್ತಿದ್ದಾರೆ. ಈ ವ್ಯತ್ಯಾಸ ಅವನಿಗೆ ಹೊಳೆಯುವ ಗಳಿಗೆಯನ್ನು ನೀವು ಬರೆದರೆ ನಾನು ಪುಸ್ತಕ ಕೊಂಡು ಓದುತ್ತೇನೆ.

ಬೆಂಗಳೂರಿಗೆ ತರಬೇಡಿ. ಇಲ್ಲಿ ರಿವಾಲ್ವರಿಗೆ ಲೈಸೆನ್ಸು ಬೇಕಾದರೆ ಪೊಲೀಸ್ ಕಮಿಷನರ್ ಕಚೇರಿಗೆ ಅಲೆದು ಚಪ್ಪಲಿ ಸವೆಸಬೇಕು, ಬಹುಕಾಲ ಅದನ್ನು ತಯಾರಿಸಿದ್ದೂ ಸರ್ಕಾರಿ ಕಾರ್ಖಾನೆಗಳೇ. ಒತ್ತೆ ಹಿಡಿಯಲು ಒಬ್ಬ ಜಂಟಿ ಕಾರ್ಯದರ್ಶಿ ಸಿಕ್ಕಾನು ಅಷ್ಟೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ವಿಸ್ತರಿಸಿದ್ದಾರೆ. ಆದರೆ ಕೈಲ್ ಮುಹೂರ್ತದಂದು ಪೂಜೆಗಿಡುವ ಕೋವಿಯ ಕಥೆ ಬೇರೆಯದೇ, ಅದನ್ನು ಇದಕ್ಕೆ ಬೆರೆಸಬೇಡಿ.

ಒತ್ತೆಯಾಳು, ಮಗನ ಸಾವು, ಕೋರ್ಟು ಮೂರೂ ಕೂಡಿದ ನಿಜಕಥೆ ಮಾತ್ರ ನಮ್ಮಲ್ಲೇ ಇದೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಕಾಡಿಗೆ ಒಯ್ದ. ಆ 108 ದಿನ ಕರ್ನಾಟಕ ಉಸಿರು ಬಿಗಿಹಿಡಿದಿತ್ತು. ಅವನ ಬೇಡಿಕೆಗಳಲ್ಲಿ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಜೈಲಿನಲ್ಲಿದ್ದವರ ಬಿಡುಗಡೆಯೂ ಒಂದು, ಸರ್ಕಾರ ಒಪ್ಪಿ ಕೇಸು ಹಿಂಪಡೆಯಲು ಹೊರಟಿತು. ಆಗ ಅಬ್ದುಲ್ ಕರೀಂ ಎಂಬ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಅವರ ಮಗ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, 1992ರ ಆಗಸ್ಟಿನಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ಗುಂಪಿನ ಹೊಂಚಿಗೆ ಬಲಿಯಾಗಿದ್ದರು. ನವೆಂಬರ್ 7ರಂದು ಸುಪ್ರೀಂ ಕೋರ್ಟು ಆ ತಂದೆಯ ಮಾತನ್ನು ಎತ್ತಿಹಿಡಿಯಿತು, ಕೇಸು ಹಿಂಪಡೆಯಲು ಬಿಡಲಿಲ್ಲ. ಇಡೀ ನಾಡು ಅಣ್ಣಾವ್ರು ಬರಲಿ ಎಂದು ಹರಕೆ ಹೊತ್ತಿರುವಾಗ ಒಬ್ಬ ಅಪ್ಪ ಎದ್ದುನಿಂತು, ನನ್ನ ಮಗನನ್ನು ಕೊಂದವರನ್ನು ಬಿಡಬೇಡಿ ಎನ್ನಬೇಕಾದರೆ ಎಂಥ ಎದೆ ಬೇಕು, ಯೋಚಿಸಿ. ಎಂಟು ದಿನದ ಮೇಲೆ ರಾಜ್‌ಕುಮಾರ್ ಸುರಕ್ಷಿತವಾಗಿ ಬಂದರು. ನಿಮ್ಮ ಕಾದಂಬರಿಯಲ್ಲಿ ಎರಡನೆಯ ಒಬ್ಬ ಅಪ್ಪನಿಗೆ ಜಾಗ ಮಾಡಿ: ಅದೇ ಶಾಲೆಯಲ್ಲಿ ಮಗುವನ್ನು ಕಳೆದುಕೊಂಡು, ಏಳು ವರ್ಷದಿಂದ ದಾವೆ ನಡೆಸುತ್ತ, ಇನ್ನೇನು ಕಡತಗಳು ಕೈಗೆ ಬರಲಿವೆ ಎನ್ನುವಾಗ ನಿಮ್ಮ ನಾಯಕನ ಸಾಹಸದಿಂದ ಎಲ್ಲ ಕೆಡುವುದನ್ನು ಟಿವಿಯಲ್ಲಿ ನೋಡುತ್ತಿರುವವನು. ಸಂಧಾನಕಾರ ಫೋನಿಗೆ ಕರೆಯಬೇಕಾದವನು ಯಾರಾದರೂ ಇದ್ದರೆ ಅವನೇ.

ಕೊನೆಗೊಂದು ಸಣ್ಣ ತಿದ್ದುಪಡಿ. ನಿಮ್ಮ ನಾಯಕ ಎಚ್-1ಬಿ ವೀಸಾದವನು, ಮೂರನೇ ಅಧ್ಯಾಯದಲ್ಲಿ ಅಂಗಡಿಗೆ ಹೋಗಿ ಬಂದೂಕು ಕೊಂಡು ಬರುತ್ತಾನೆ. ಹಾಗಾಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸರಿ, ತಾತ್ಕಾಲಿಕ ವೀಸಾದವರಿಗೆ ಬಂದೂಕು ಮಾರುವಂತಿಲ್ಲ. 4473 ಫಾರಂನಲ್ಲಿ ಅದನ್ನು ಕೇಳುವ ಕಲಮೇ ಇದೆ. ಆದರೆ ಅದಕ್ಕೂ ಒಂದು ಕಿಂಡಿ ಇಟ್ಟಿದ್ದಾರೆ: ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು ತೋರಿಸಿದರೆ ಕೊಳ್ಳಬಹುದು. ಆ ಲೈಸೆನ್ಸಿಗೆ ಎಷ್ಟೋ ರಾಜ್ಯಗಳಲ್ಲಿ ಮೊದಲು ಬೇಟೆ ತರಗತಿ ಮುಗಿಸಬೇಕು. ಹಾಗಾಗಿ ನಿಮ್ಮ ಸಸ್ಯಾಹಾರಿ ನಾಯಕ ಶನಿವಾರ ಬೆಳಗ್ಗೆ ಯಾವುದೋ ಕಮ್ಯುನಿಟಿ ಹಾಲಿನಲ್ಲಿ, ಹನ್ನೆರಡು ವರ್ಷದ ಹುಡುಗರ ಪಕ್ಕ ಕೂತು, ಕೊಲ್ಲಬೇಕೆಂದಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬಾರದು ಎಂಬ ಪಾಠ ಬರೆದುಕೊಳ್ಳುತ್ತಿರಬೇಕು. ಅಂಥ ತರಗತಿಗಳಿಗೆ ಹಣ ಬರುವುದು 1937ರ ಕಾಯ್ದೆಯೊಂದರ ಪ್ರಕಾರ ಬಂದೂಕು ತಯಾರಕರು ಕಟ್ಟುವ ತೆರಿಗೆಯಿಂದ. ರೈಫಲಿಗೆ ನೂರಕ್ಕೆ 11, ಪಿಸ್ತೂಲಿಗೆ 10.